ಒಂದೇ ಪಾತ್ರದ ಕತೆ

ಭೂಮಿಯ ತಾಪ ಮೂರು ಡಿಗ್ರಿ ಏರಿದರೆ ಜಗತ್ತಿಗೆ ಎಷ್ಟು ನಷ್ಟ? ಇಂಥ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಹೇಳುವ ಕಂಪ್ಯೂಟರ್ ಮಾದರಿಗಳು ಮೂರು ದಶಕಗಳಿಂದ ಚಾಲ್ತಿಯಲ್ಲಿವೆ. ಜಗತ್ತಿನ ಅರ್ಥವ್ಯವಸ್ಥೆಯನ್ನೂ ಹವಾಮಾನವನ್ನೂ ಒಂದೇ ಲೆಕ್ಕದಲ್ಲಿ ಹೆಣೆಯುವ ಈ ಮಾದರಿಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಲಿಯಂ ನಾರ್ಡ್‌ಹೌಸ್ 1992ರಲ್ಲಿ ಪ್ರಕಟಿಸಿದ ‘ಡೈಸ್’. ಇಂಗ್ಲಿಷಿನಲ್ಲಿ ಡೈಸ್ ಎಂದರೆ ಜೂಜಿನ ದಾಳ. 2013ರಲ್ಲಿ ಅವರೇ ಬರೆದ ಪುಸ್ತಕದ ಹೆಸರು ‘ದಿ ಕ್ಲೈಮೇಟ್ ಕ್ಯಾಸಿನೊ’. ಜೂಜಿನ ಅಡ್ಡೆಯ ಹೋಲಿಕೆ ಅವರಿಗೆ ಪ್ರಿಯವಾದದ್ದೆಂದು ಕಾಣುತ್ತದೆ.

ಮಾದರಿಯ ಹಂದರ ಸರಳ. ಜಗತ್ತು ಸರಕು ಉತ್ಪಾದಿಸುತ್ತದೆ. ಅದಕ್ಕಾಗಿ ಕಲ್ಲಿದ್ದಲು, ಎಣ್ಣೆ ಸುಡುತ್ತದೆ. ಹೊಗೆ ಆಕಾಶ ಸೇರಿ ಭೂಮಿ ಕಾಯುತ್ತದೆ. ಕಾದ ಭೂಮಿ ಉತ್ಪಾದನೆಯಲ್ಲಿ ಒಂದು ಪಾಲನ್ನು ಕಿತ್ತುಕೊಳ್ಳುತ್ತದೆ. ಇಂದು ಹೊಗೆ ತಗ್ಗಿಸಲು ಎಷ್ಟು ಖರ್ಚು ಮಾಡಿದರೆ ಇಂದಿನವರ ಮತ್ತು ಮುಂದಿನವರ ಒಟ್ಟು ಸುಖ ಗರಿಷ್ಠವಾದೀತು ಎಂದು ಕಂಪ್ಯೂಟರ್ ಹುಡುಕುತ್ತದೆ. ಇಷ್ಟೆಲ್ಲ ಕೆಲಸ ಒಂದು ಎಕ್ಸೆಲ್ ಹಾಳೆಯಲ್ಲಿ ಮುಗಿಯುತ್ತದೆ. ಅದನ್ನು ಯಾರು ಬೇಕಾದರೂ ತೆರೆದು ಪರೀಕ್ಷಿಸುವಂತೆ ಬಿಟ್ಟುಕೊಟ್ಟದ್ದು ನಾರ್ಡ್‌ಹೌಸ್ ಅವರ ದೊಡ್ಡತನವೇ.

ನಾವು ಕತೆ ಬರೆಯುವವರು. ಸಮೀಕರಣಗಳ ಗಣಿತದ ಬಗ್ಗೆ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ಒಂದು ಬರಹದೊಳಗೆ ಯಾರಿದ್ದಾರೆ, ಯಾರನ್ನು ಹೊರಗಿಟ್ಟಿದ್ದಾರೆ ಎಂದು ನೋಡುವುದು ನಮ್ಮ ಕಸುಬು. ಹಾಗೆ ನೋಡಿದರೆ ಡೈಸ್ ಮಾದರಿಯಲ್ಲಿ ಇರುವುದು ಒಂದೇ ಪಾತ್ರ. ಇಡೀ ಮನುಕುಲವನ್ನು ಪ್ರತಿನಿಧಿಸುವ ಒಬ್ಬ ಸರಾಸರಿ ಗ್ರಾಹಕ. ಅವನಿಗೆ ಊರಿಲ್ಲ, ಜಾತಿಯಿಲ್ಲ, ಸಾಲವಿಲ್ಲ. ಅವನ ಮನೆಗೆ ನೀರು ನುಗ್ಗಿದರೆ ಅವನ ಆದಾಯದಲ್ಲಿ ಶೇಕಡಾ ಇಷ್ಟು ಕಡಿಮೆಯಾಗುತ್ತದೆ, ಅಷ್ಟೇ.

2022ರಲ್ಲಿ ಪಾಕಿಸ್ತಾನದ ಸಿಂಧ್ ಮತ್ತು ಬಲೂಚಿಸ್ತಾನದಲ್ಲಿ ಬಂದ ನೆರೆಯನ್ನೇ ತೆಗೆದುಕೊಳ್ಳೋಣ. 3 ಕೋಟಿ 30 ಲಕ್ಷ ಜನ ತೊಂದರೆಗೊಳಗಾದರು, 1,700ಕ್ಕೂ ಹೆಚ್ಚು ಜನ ಸತ್ತರು. ಹಾನಿ ಮತ್ತು ನಷ್ಟ ಸೇರಿ ಸುಮಾರು 3,000 ಕೋಟಿ ಡಾಲರ್ ಎಂದು ಅಂದಾಜಾಯಿತು. ಆ ವರ್ಷ ಜಗತ್ತಿನ ಒಟ್ಟು ಉತ್ಪನ್ನ ಸುಮಾರು 100 ಲಕ್ಷ ಕೋಟಿ ಡಾಲರ್. ಭಾಗಿಸಿ ನೋಡಿದರೆ ಜಗತ್ತು ಗಳಿಸಿದ ಪ್ರತಿ ನೂರು ರೂಪಾಯಿಯಲ್ಲಿ ಆ ನೆರೆಯ ಪಾಲು ಮೂರು ಪೈಸೆ. ಲೆಕ್ಕದಲ್ಲಿ ತಪ್ಪಿಲ್ಲ. ಆ ಸರಾಸರಿ ಮನುಷ್ಯನ ಜೇಬಿನಿಂದ ಬಿದ್ದದ್ದು ಮೂರೇ ಪೈಸೆ, ಅವನು ಬಗ್ಗಿ ಎತ್ತಿಕೊಳ್ಳುವುದೂ ಇಲ್ಲ.

ಇಂಥ ಲೆಕ್ಕದ ಬೇರು 1991ರ ನಾರ್ಡ್‌ಹೌಸ್ ಲೇಖನವೊಂದರಲ್ಲಿದೆ. ಅಮೆರಿಕದ ರಾಷ್ಟ್ರೀಯ ಆದಾಯವನ್ನು ಅವರು ಅಲ್ಲಿ ಮೂರು ಪಾಲು ಮಾಡಿದರು. ಹವಾಮಾನಕ್ಕೆ ತೀವ್ರವಾಗಿ ಸ್ಪಂದಿಸುವ ಕೃಷಿ, ಅರಣ್ಯ, ಮೀನುಗಾರಿಕೆಗಳದ್ದು ಶೇ. 3, ಮಧ್ಯಮವಾಗಿ ಸ್ಪಂದಿಸುವಂಥದ್ದು ಶೇ. 10, ಉಳಿದ ಶೇ. 87ರ ಮೇಲೆ ಪರಿಣಾಮ ನಗಣ್ಯ. ಮೂರು ಡಿಗ್ರಿ ಏರಿದರೆ ನಷ್ಟ ಆದಾಯದ ಕಾಲು ಶೇಕಡಾ. ಲೆಕ್ಕಕ್ಕೆ ಸಿಗದ್ದನ್ನೂ ಸೇರಿಸಿದರೆ ಒಂದು, ಹೆಚ್ಚೆಂದರೆ ಎರಡು ಶೇಕಡಾ ಎಂದರು. ಕಾರ್ಖಾನೆ, ಬ್ಯಾಂಕು, ಕಚೇರಿಗಳು ಚಾವಣಿಯ ಕೆಳಗಿವೆಯಲ್ಲ!

ಬಿರಿಯಾನಿಯ ಖರ್ಚಿನಲ್ಲಿ ಉಪ್ಪಿನ ಪಾಲು ನೂರಕ್ಕೆ ಒಂದು ರೂಪಾಯಿಯೂ ಇರದು. ಉಪ್ಪು ಇಲ್ಲದಿದ್ದರೆ ನಷ್ಟ ನೂರಕ್ಕೆ ಒಂದೇ ಎಂದು ಯಾವ ಬಾಣಸಿಗನೂ ಹೇಳುವುದಿಲ್ಲ. ಆ ಶೇ. 87ರಲ್ಲಿ ದುಡಿಯುವವರೂ ಊಟ ಮಾಡುವುದು ಶೇ. 3ರಲ್ಲಿ ಬೆಳೆದದ್ದನ್ನು. ಇನ್ನು ನಮ್ಮ ದೇಶದಲ್ಲಿ ರಾಷ್ಟ್ರೀಯ ಆದಾಯದಲ್ಲಿ ಕೃಷಿಯ ಪಾಲು ಐದನೇ ಒಂದು ಭಾಗಕ್ಕಿಂತ ಕಡಿಮೆ, ಆದರೆ ಅದನ್ನೇ ನೆಚ್ಚಿ ದುಡಿಯುವವರು ನೂರರಲ್ಲಿ ಸುಮಾರು 45 ಮಂದಿ. ಆದಾಯದ ತಕ್ಕಡಿಯಲ್ಲಿ ಇಟ್ಟ ಕೂಡಲೇ ಇಷ್ಟು ಜನ ಹಗುರಾಗಿಬಿಡುತ್ತಾರೆ.

ಸತ್ತವರ ಲೆಕ್ಕವೂ ಇದೇ ತಕ್ಕಡಿಯಲ್ಲಿ ನಡೆದದ್ದುಂಟು. 1995ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ಎರಡನೇ ವರದಿಗಾಗಿ ಅರ್ಥಶಾಸ್ತ್ರಜ್ಞರು ಸಿದ್ಧಪಡಿಸಿದ ಅಧ್ಯಾಯವು, ಶ್ರೀಮಂತ ದೇಶದ ಒಂದು ಜೀವಕ್ಕೆ ಸುಮಾರು 15 ಲಕ್ಷ ಡಾಲರ್ ಬೆಲೆ ಕಟ್ಟಿದ ಅಧ್ಯಯನಗಳನ್ನು ಆಧರಿಸಿತ್ತು. ಬಡ ದೇಶದ ಜೀವಕ್ಕೆ ಅದರ ಹತ್ತನೇ ಒಂದು ಭಾಗ ಅಥವಾ ಇನ್ನೂ ಕಡಿಮೆ. ಪ್ರಾಣಾಪಾಯ ತಪ್ಪಿಸಿಕೊಳ್ಳಲು ಯಾರು ಎಷ್ಟು ಹಣ ತೆರಬಲ್ಲರು ಎಂಬುದರ ಮೇಲೆ ಕಟ್ಟಿದ ಬೆಲೆ ಅದು. ಬಡವನ ಬಳಿ ತೆರಲು ಇರಲಿಲ್ಲ, ಆದ್ದರಿಂದ ಅವನು ಅಗ್ಗವಾದ. ಭಾರತದ ಅಂದಿನ ಪರಿಸರ ಸಚಿವ ಕಮಲ್‌ನಾಥ್ ಇದನ್ನು ಒಪ್ಪಲಾಗದೆಂದು ಪತ್ರ ಬರೆದರು. ಲಂಡನ್ನಿನಲ್ಲಿ ಆಬ್ರಿ ಮೇಯರ್ ಎಂಬ ಸಂಗೀತಗಾರ ಇದರ ವಿರುದ್ಧ ದೊಡ್ಡ ಹೋರಾಟವನ್ನೇ ನಡೆಸಿದರು. ಕೊನೆಗೆ ಸರ್ಕಾರಗಳು ಒಪ್ಪಿದ ಸಾರಾಂಶ ಆ ಬೆಲೆಗಳಿಂದ ದೂರ ನಿಂತಿತು. ಅಧ್ಯಾಯ ಮಾತ್ರ ವರದಿಯಲ್ಲಿ ಉಳಿಯಿತು.

ಇದಕ್ಕೂ ಮೊದಲೇ, 1991ರಲ್ಲಿ, ದಿಲ್ಲಿಯ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಒಂದು ಪುಟ್ಟ ಪುಸ್ತಕದಲ್ಲಿ ಮೂಲಭೂತ ಪ್ರಶ್ನೆ ಕೇಳಿದ್ದರು: ಭತ್ತದ ಗದ್ದೆಯಿಂದ ಏಳುವ ಅನಿಲವನ್ನೂ ಶ್ರೀಮಂತರ ಕಾರಿನ ಹೊಗೆಯನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸುವುದು ಹೇಗೆ? ಬದುಕಲು ಬಿಟ್ಟ ಹೊಗೆ ಬೇರೆ, ಶೋಕಿಗೆ ಬಿಟ್ಟ ಹೊಗೆ ಬೇರೆ. ಅರ್ಥಶಾಸ್ತ್ರದ ಮಾದರಿಗಳು ಈ ಪ್ರಶ್ನೆಯನ್ನು ಎದುರಿಸಲೇ ಇಲ್ಲವೆಂದು ಹೇಳಬೇಕು. ಎದುರಿಸುವ ಸಂದರ್ಭ ಬಂದಾಗ ಏನಾಯಿತೆಂಬುದು ಕುತೂಹಲಕಾರಿ. 1996ರಲ್ಲಿ ನಾರ್ಡ್‌ಹೌಸ್ ಮತ್ತು ಜಿಲಿ ಯಾಂಗ್ ಜಗತ್ತನ್ನು ಹಲವು ಪ್ರದೇಶಗಳಾಗಿ ಒಡೆದು ‘ರೈಸ್’ ಎಂಬ ಮಾದರಿ ರೂಪಿಸಿದರು. ಬಡವನಿಗೆ ಸಿಕ್ಕ ಒಂದು ಡಾಲರ್ ಸಿರಿವಂತನಿಗೆ ಸಿಕ್ಕ ಒಂದು ಡಾಲರಿಗಿಂತ ಹೆಚ್ಚು ಸುಖ ಕೊಡುತ್ತದೆಂದು ಅವರ ಸಮೀಕರಣವೇ ಒಪ್ಪುತ್ತದೆ. ಹಾಗಾಗಿ ಸುಮ್ಮನೆ ಬಿಟ್ಟರೆ ಕಂಪ್ಯೂಟರ್, ಸಿರಿವಂತ ದೇಶಗಳ ಹಣವನ್ನು ಬಡ ದೇಶಗಳಿಗೆ ಹಂಚಿ ಎಂದೇ ಸಲಹೆ ಕೊಡುತ್ತದೆ. ಅದು ಹಾಗೆ ಹೇಳದಂತೆ ‘ನೆಗಿಶಿ ತೂಕ’ ಎಂಬ ಬಟ್ಟನ್ನು ಹಾಕುತ್ತಾರೆ. ಸಿರಿವಂತರ ಸುಖಕ್ಕೆ ಹೆಚ್ಚು ತೂಕ, ಬಡವರ ಸುಖಕ್ಕೆ ಕಡಿಮೆ ತೂಕ. ಇಂದಿನ ಅಸಮಾನತೆ ಇದ್ದಂತೆಯೇ ಇರುತ್ತದೆ. ಯಂತ್ರಕ್ಕೆ ಬಂದ ವಿವೇಕವನ್ನು ಮನುಷ್ಯ ತಿದ್ದಿದ ಇಂಥ ಪ್ರಸಂಗ ಕತೆಯಲ್ಲಿ ಬಂದರೆ ಓದುಗರು ನಂಬಲಾರರು.

ಭವಿಷ್ಯದ ಬೆಲೆಯದ್ದು ಇನ್ನೊಂದು ವಿಷಯ. ಮುಂದಿನ ನಷ್ಟವನ್ನು ಇಂದಿನ ಹಣಕ್ಕೆ ಇಳಿಸುವುದು ಬಡ್ಡಿಯ ಲೆಕ್ಕವನ್ನು ಹಿಂದುಮುಂದಾಗಿ ಮಾಡಿದಂತೆ. ವರ್ಷಕ್ಕೆ ಶೇ. 5ರಂತೆ ಇಳಿಸಿದರೆ ನೂರು ವರ್ಷದ ನಂತರದ 100 ರೂಪಾಯಿ ನಷ್ಟಕ್ಕೆ ಇಂದಿನ ಬೆಲೆ 76 ಪೈಸೆ. ಶೇ. 1.4ರಂತೆ ಇಳಿಸಿದರೆ 25 ರೂಪಾಯಿ. 2006ರಲ್ಲಿ ಬ್ರಿಟನ್ನಿನ ನಿಕೋಲಸ್ ಸ್ಟರ್ನ್ ತಮ್ಮ ವರದಿಯಲ್ಲಿ ಈ ಎರಡನೆಯ ದರದ ಹತ್ತಿರ ನಿಂತರು. ಮುಂದೆ ಹುಟ್ಟುವವನು ಮುಂದೆ ಹುಟ್ಟುತ್ತಾನೆಂಬ ಒಂದೇ ಕಾರಣಕ್ಕೆ ಕಡಿಮೆಯವನಲ್ಲ ಎಂಬುದು ಅವರ ವಾದ. ಮಾರುಕಟ್ಟೆಯ ದರವನ್ನು ಬಿಟ್ಟು ನೀತಿಯ ಮಾತಾಡುವುದು ಸರಿಯಲ್ಲವೆಂದು ನಾರ್ಡ್‌ಹೌಸ್ ಟೀಕಿಸಿದರು. ಮಾರುಕಟ್ಟೆಯ ದರವನ್ನು ಆರಿಸಿಕೊಳ್ಳುವುದೂ ಒಂದು ನೀತಿಯೇ ಅಲ್ಲವೆ?

2018ರ ಅಕ್ಟೋಬರ್ 8ರಂದು ನಾರ್ಡ್‌ಹೌಸ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಘೋಷಣೆಯಾಯಿತು. ಅದೇ ದಿನ ಹವಾಮಾನ ಸಮಿತಿ, ತಾಪದ ಏರಿಕೆಯನ್ನು 1.5 ಡಿಗ್ರಿಗೆ ತಡೆಯುವ ಕುರಿತ ವರದಿ ಹೊರತಂದಿತು. ಡೈಸ್ ಮಾದರಿಯ ಆಗಿನ ಆವೃತ್ತಿ ‘ಅತ್ಯುತ್ತಮ’ವೆಂದ ದಾರಿಯಲ್ಲಿ 2100ರ ಹೊತ್ತಿಗೆ ಏರಿಕೆ ಸುಮಾರು 3.5 ಡಿಗ್ರಿ. ಆರು ಡಿಗ್ರಿ ಏರಿದರೂ ನಷ್ಟ ಆದಾಯದ ಶೇ. 8.5 ಮಾತ್ರ ಎಂದು ಅದು ಹೇಳುತ್ತಿತ್ತು. ಹಿಮಯುಗಕ್ಕೂ ನಮ್ಮ ಕಾಲಕ್ಕೂ ಇರುವ ಅಂತರವೇ ಐದಾರು ಡಿಗ್ರಿ! ಇದೇ ನಾರ್ಡ್‌ಹೌಸ್ 1973ರಲ್ಲಿ ಜೇ ಫಾರೆಸ್ಟರ್ ಅವರ ಜಗತ್ತಿನ ಕಂಪ್ಯೂಟರ್ ಮಾದರಿಯನ್ನು, ಮಾಹಿತಿಯಿಲ್ಲದೆ ಮಾಡಿದ ಅಳತೆ ಎಂದು ಜರೆದಿದ್ದರು. ಮೂರು, ಆರು ಡಿಗ್ರಿಯ ಜಗತ್ತಿನ ಮಾಹಿತಿ ಯಾರ ಬಳಿ ಇತ್ತು?

ಹಾಗೆಂದು ಈ ಲೆಕ್ಕವೇ ಬೇಡವೆನ್ನಲು ನಾವು ಸಿದ್ಧರಿಲ್ಲ. ಸರ್ಕಾರಿ ಕಡತದಲ್ಲಿ ಅಂಕಿ ಇಲ್ಲದ ಹಾನಿಗೆ ಸಿಗುವ ಬೆಲೆ ಸೊನ್ನೆ. ಹೊಗೆಗೆ ತೆರಿಗೆ ಹಾಕಬೇಕೆಂದು ನಾರ್ಡ್‌ಹೌಸ್ ದಶಕಗಳ ಕಾಲ ವಾದಿಸಿದ್ದಾರೆ. ಡೈಸ್ ಮಾದರಿಯೂ ಬದಲಾಗಿದೆ. 2023ರ ಆವೃತ್ತಿಯಲ್ಲಿ ನಷ್ಟದ ಅಂದಾಜು ಹೆಚ್ಚಿದೆ, ‘ಅತ್ಯುತ್ತಮ’ ಏರಿಕೆ ಮೂರು ಡಿಗ್ರಿಗಿಂತ ಕೆಳಗಿಳಿದಿದೆ. ನಮ್ಮ ಆಕ್ಷೇಪವೇನಿದ್ದರೂ, ಆಯ್ಕೆಗಳನ್ನು ಲೆಕ್ಕದ ಹೆಸರಿನಲ್ಲಿ ಮರೆಮಾಡುವುದರ ಬಗ್ಗೆ.

ಆಯ್ಕೆ ಎಷ್ಟು ಕೆಲಸ ಮಾಡುತ್ತದೆಂದು ಅಮೆರಿಕವೇ ತೋರಿಸಿದೆ. ಒಂದು ಟನ್ ಇಂಗಾಲದ ಡೈಆಕ್ಸೈಡ್ ಮಾಡುವ ಹಾನಿಗೆ ಒಬಾಮಾ ಸರ್ಕಾರ 2010ರಲ್ಲಿ ಡೈಸ್ ಮತ್ತು ಇನ್ನೆರಡು ಮಾದರಿಗಳನ್ನು ಬಳಸಿ 21 ಡಾಲರ್ ಬೆಲೆ ಕಟ್ಟಿತು. ಟ್ರಂಪ್ ಅವರ ಮೊದಲ ಸರ್ಕಾರ ಅದನ್ನು 1ರಿಂದ 7 ಡಾಲರಿಗೆ ಇಳಿಸಿತು. ಇಳಿಕೆಯ ದರವನ್ನು ಹೆಚ್ಚಿಸಿದ್ದಲ್ಲದೆ ಅಮೆರಿಕದ ಗಡಿಯಾಚೆಗಿನ ಹಾನಿಯನ್ನು ಲೆಕ್ಕದಿಂದಲೇ ತೆಗೆದುಹಾಕಿತ್ತು. ಬೈಡನ್ ಕಾಲದಲ್ಲಿ 2021ರಲ್ಲಿ ಅದು 51 ಡಾಲರ್ ಆಯಿತು, 2023ರಲ್ಲಿ ಅಲ್ಲಿನ ಪರಿಸರ ಸಂಸ್ಥೆ ಹೊಸ ಮಾದರಿಗಳಿಂದ 190 ಡಾಲರ್ ಎಂದಿತು. 2025ರ ಜನವರಿ 20ರಂದು, ಎರಡನೇ ಬಾರಿ ಅಧಿಕಾರ ವಹಿಸಿಕೊಂಡ ದಿನವೇ, ಟ್ರಂಪ್ ಈ ಬೆಲೆಯನ್ನು ನಿಗದಿ ಮಾಡುತ್ತಿದ್ದ ಸರ್ಕಾರಿ ತಂಡವನ್ನು ವಿಸರ್ಜಿಸುವ ಆದೇಶಕ್ಕೆ ಸಹಿ ಹಾಕಿದರು.