ಶಿಲಾವಾದ್ಯಗಳ ಧ್ವನಿಕಲ್ಪನೆ

ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಚರ್ಮವಾದ್ಯವನ್ನು ನುಡಿಸುವವರುಂಟು. ಹಳೇಬೀಡಿನ ಹೊಯ್ಸಳೇಶ್ವರಾಲಯದ ಭಿತ್ತಿಯಲ್ಲಿ ಕೊಳಲೂದುವ ವೇಣುಗೋಪಾಲನೂ ನಾಟ್ಯಮೂರ್ತಿಗಳ ಇಕ್ಕೆಲದಲ್ಲಿ ವಾದ್ಯಗಾರರೂ ಇದ್ದಾರೆ. ಈ ಮೂಕವಾದ್ಯಗಳನ್ನು ಇಂದಿನ ಸಾಧನಗಳಿಂದ ನುಡಿಯಿಸಬಹುದೆ ಎಂಬ ಪ್ರಶ್ನೆ ಸಹಜವಾದುದು. ನುಡಿಯಿಸಬಹುದು, ಆದರೆ ಹಾಗೆ ಹುಟ್ಟಿದ ಧ್ವನಿಗೆ ಯಾವ ಪ್ರಾಮಾಣ್ಯವಿದೆಯೆಂಬುದೇ ಇಲ್ಲಿ ವಿಚಾರಣೀಯ.

ಉಪಾಯವು ಕಠಿನವಲ್ಲ. ವಾದ್ಯದ ಪ್ರತಿಕೃತಿಯೊಂದನ್ನು ಮರದಿಂದ ಮಾಡಿ, ಕೈ ಬೀಳುವೆಡೆಯಲ್ಲಿ ಒತ್ತಡವನ್ನು ಅಳೆಯುವ ಸೆನ್ಸರುಗಳನ್ನು ಇಡುವುದು. ಒತ್ತಡದಿಂದಾಗುವ ವಿದ್ಯುತ್ತಿನ ಏರಿಳಿತವನ್ನು ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಗಣಕವು ಅಂಕೆಯಾಗಿ ಮಾರ್ಪಡಿಸುತ್ತದೆ. ಬಳಕೆಯಲ್ಲಿರುವ ಆರ್ಡುಯಿನೋ ಉನೋ ಫಲಕದಲ್ಲಿ ಈ ಅಂಕೆ 0ಯಿಂದ 1023ರವರೆಗೆ. ತಂತಿಯ ಮೂಲಕ ಬಂದ ಅಂಕೆಯನ್ನು ಕಂಪ್ಯೂಟರಿನಲ್ಲಿ ಪ್ಯೂರ್ ಡೇಟಾದಂತಹ ಸಾಫ್ಟ್‌ವೇರ್ ಸ್ವೀಕರಿಸಿ ಧ್ವನಿಯನ್ನು ರಚಿಸುತ್ತದೆ. ಅಂಕೆಗೂ ಧ್ವನಿಗೂ ನಡುವೆ ಒಂದು ನಿಯಮವಿರಬೇಕು. ಅದೇ ಒತ್ತಡದಿಂದ ನಾದವನ್ನು ಹೆಚ್ಚಿಸಬಹುದು, ಶ್ರುತಿಯನ್ನು ಏರಿಸಬಹುದು, ಬೇಕಾದರೆ ಗಂಟೆಯನ್ನೂ ಬಾರಿಸಬಹುದು! ಇವುಗಳಲ್ಲಿ ಯಾವುದು ಸರಿಯೆಂದು ಸೆನ್ಸರು ಹೇಳದು. ಹೇಳುವವನು ನಿಯಮವನ್ನು ಬರೆದವನು.

ಅಜಯ್ ಕಪೂರ್ ಮತ್ತು ಅವರ ಸಂಗಡಿಗರು 2002ರಲ್ಲಿ ಪ್ರಕಟಿಸಿದ ವಿದ್ಯುತ್ ತಬಲವು ಈ ಮಾರ್ಗದ ಒಳ್ಳೆಯ ಉದಾಹರಣೆ. ಆದರೆ ಅವರ ಮುಂದೆ ತಬಲವೇ ಇತ್ತು; ರಚಿತ ಧ್ವನಿಯು ತಪ್ಪಿದರೆ ಕಿವಿಯೇ ತಿದ್ದುತ್ತಿತ್ತು. ಹೊಯ್ಸಳರ ಮದ್ದಳೆಗೆ ಅಂತಹ ಸಾಕ್ಷಿ ಎಲ್ಲಿದೆ? ಮೃದಂಗ ತಬಲಗಳ ನಡುವಣ ಕಪ್ಪು ಲೇಪದ ಭಾರದಿಂದಲೇ ಅವುಗಳ ಉಪಸ್ವರಗಳು ಸುಸಂಗತವಾಗುತ್ತವೆಂದು ಸಿ. ವಿ. ರಾಮನ್ನರು 1920ರಲ್ಲಿಯೇ ತೋರಿಸಿದರು. ಶಿಲ್ಪಿಯು ಲೇಪದ ವೃತ್ತವನ್ನು ಕೊರೆದಿದ್ದರೂ ಅದರ ತೂಕವನ್ನಾಗಲಿ, ಚರ್ಮದ ಬಿಗಿತವನ್ನಾಗಲಿ ಕೊರೆಯಲಾರನಷ್ಟೆ.

ಮತ್ತೊಂದು ಲೋಪವು ಕಣ್ಣಿಗೆ ಬೀಳದಂತಹದು. ಅಂಕೆಗಳನ್ನು ಮಿಡಿ ಎಂಬ ವಾದ್ಯಸಂಕೇತದ ಸಾಮಾನ್ಯ ನಿಯಂತ್ರಣ ಸಂದೇಶವಾಗಿ ಕಳುಹಿಸಿದರೆ 1024 ಮೆಟ್ಟಲುಗಳು 128ಕ್ಕೆ ಇಳಿಯುತ್ತವೆ. ಎಂಟು ಎಂಟು ಅಂಕೆಗಳು ಒಂದಾಗಿ ಹೋಗುತ್ತವೆ. ಒಂದು ಸ್ಥಾಯಿಯನ್ನು ಹೀಗೆ ಹಂಚಿದಲ್ಲಿ ಗಮಕದ ಜಾರು ಮೆಟ್ಟಲು ಮೆಟ್ಟಲಾಗಿ ಒಡೆದೀತು. ಲಿಪಿಕಾರನು ಱಕಾರವನ್ನು ರಕಾರವಾಗಿಯೂ ೞಕಾರವನ್ನು ಳಕಾರವಾಗಿಯೂ ಬರೆದುಬಿಟ್ಟ ಓಲೆಯನ್ನು ಶೋಧಿಸಿದವರಿಗೆ ಈ ಬಗೆಯ ನಷ್ಟವು ಹೊಸದೇನೂ ಅಲ್ಲ. ಪ್ರತಿಯು ಅಂದವಾಗಿ ಕಾಣುತ್ತದೆ. ಭೇದವು ಮಾತ್ರ ಹೋಗಿರುತ್ತದೆ.

ಆದಕಾರಣ ಗ್ರಂಥಸಂಪಾದಕರ ಶಿಸ್ತನ್ನೇ ಇಲ್ಲಿಯೂ ಕೇಳಬೇಕಾಗಿದೆ. ರೈಸ್ ಸಾಹೇಬರು 1902ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟದಲ್ಲಿ ಅರಸೀಕೆರೆ ಬೇಲೂರುಗಳ ಶಾಸನಗಳಿವೆ. ಅಂತಹ ಸಂಪುಟವನ್ನು ಓದುವವನು ಕಲ್ಲಿನಲ್ಲಿರುವ ಅಕ್ಷರ ಯಾವುದು, ಸಂಪಾದಕನು ಊಹಿಸಿದ ಅಕ್ಷರ ಯಾವುದು ಎಂದು ಕೇಳಿಯೇ ಕೇಳುತ್ತಾನೆ. ಧ್ವನಿರಚಕನು ಇದಕ್ಕೆ ವಿನಾಯಿತಿಯನ್ನು ಪಡೆಯಬೇಕೇಕೆ? ನಿಯಮವನ್ನು ಬಚ್ಚಿಟ್ಟು 'ಇದೇ ಹೊಯ್ಸಳನಾದ' ಎಂದು ಕೇಳಿಸಿದರೆ, ಅದನ್ನು ಶಾಲೆಯಲ್ಲಿ ಕೇಳಿದ ಬಾಲಕನಿಗೆ ಅದೇ ಇತಿಹಾಸವಾಗಿ ನಿಲ್ಲುತ್ತದೆ. ನಿಯಮವನ್ನೂ ಅದಕ್ಕೆ ಪಾಠಾಂತರಗಳಂತಿರುವ ಬೇರೆ ಎರಡು ಮೂರು ಸಾಧ್ಯ ನಿಯಮಗಳನ್ನೂ ಧ್ವನಿಯೊಡನೆಯೇ ಪ್ರಕಟಿಸತಕ್ಕದ್ದು.

ಇಷ್ಟರಿಂದ ಈ ಪ್ರಯತ್ನವೇ ವ್ಯರ್ಥವೆಂದು ನಮ್ಮ ಅಭಿಪ್ರಾಯವಲ್ಲ. ಕಲ್ಲು ನಾದವನ್ನು ಹೇಳದಿದ್ದರೂ ನಿಲುವನ್ನು ಹೇಳುತ್ತದೆ: ವಾದ್ಯವು ಎದೆಗೋ ಸೊಂಟಕ್ಕೋ, ಪಟ್ಟಿ ಯಾವ ಹೆಗಲಿಗೆ, ಉದ್ದಕ್ಕೂ ಅಗಲಕ್ಕೂ ಪ್ರಮಾಣವೆಷ್ಟು, ಬಡಿಯುವುದು ಅಂಗೈಯೋ ಕೋಲೋ. ಬೆರಳು ಮುರಿದ ಶಿಲ್ಪಗಳನ್ನು ಬಿಟ್ಟರೂ ಉಳಿದವು ಸಾಕಷ್ಟಿವೆ. ಅರಸೀಕೆರೆಯ ಈಶ್ವರಾಲಯದ ನಕ್ಷತ್ರಾಕಾರದ ಮುಖಮಂಟಪವು ಇಂದಿಗೂ ನಿಂತಿದೆ. ಅಲ್ಲಿನ ಪ್ರತಿಧ್ವನಿಯು ಊಹೆಯ ವಿಷಯವಲ್ಲ, ಅಳತೆಯ ವಿಷಯ. ಬಲ್ಲ ಮದ್ದಳೆಗಾರನೊಬ್ಬನು ಸೆನ್ಸರುಗಳುಳ್ಳ ಪ್ರತಿಕೃತಿಯನ್ನು ಮದನಿಕೆಯಂತೆಯೇ ಹಿಡಿದು ನುಡಿಸಲಿ. ಆ ನಿಲುವಿನಲ್ಲಿ ಯಾವ ಘಾತಗಳು ಕೈಗೆಟುಕುತ್ತವೆ, ಯಾವುವು ಎಟುಕುವುದಿಲ್ಲ ಎಂಬುದನ್ನು ಅಂಕೆಗಳೇ ತಿಳಿಸುವುವು. ಅದಕ್ಕೆ ಧ್ವನಿಯನ್ನು ಜೋಡಿಸುವ ಅಗತ್ಯವೂ ಇಲ್ಲ.