ತಂದೆಯು ತೀರಿಸದ ಋಣ

ಋಣವೆಂಬ ಮಾತನ್ನು ನಾವು ಬಹುಮಟ್ಟಿಗೆ ಹುಟ್ಟಿದವನ ಮೇಲೆಯೇ ಹೊರಿಸಿ ಆಡುತ್ತೇವೆ. ದೇವಋಣ, ಋಷಿಋಣ, ಪಿತೃಋಣಗಳೆಂದು ಮನುಷ್ಯನು ಜನ್ಮದೊಡನೆ ಹೊತ್ತು ತಂದ ಭಾರವನ್ನು ನಮ್ಮ ಹಿರಿಯರು ಎಣಿಸಿ ಹೇಳಿದರು. ಹುಟ್ಟಿಸಿದವನು ತನ್ನಿಂದ ಹುಟ್ಟಿದುದಕ್ಕೆ ಸಲ್ಲಿಸಬೇಕಾದುದೇನು ಎಂಬ ಪ್ರಶ್ನೆ ಅಷ್ಟು ಸ್ಪಷ್ಟವಾಗಿ ಕೇಳಿಬಂದುದು ವಿರಳ. ಆ ಪ್ರಶ್ನೆಯನ್ನು, ಓದುಗನು ತಪ್ಪಿಸಿಕೊಂಡು ಹೋಗಲಾರದಂತೆ, ಎದುರಿಗೆ ತಂದು ನಿಲ್ಲಿಸಿದ ಕೃತಿ 1818ರ ಜನವರಿಯಲ್ಲಿ ಲಂಡನ್ನಿನಿಂದ ಕರ್ತೃವಿನ ಹೆಸರಿಲ್ಲದೆ ಹೊರಬಂದ ‘ಫ್ರ್ಯಾಂಕೆನ್‌ಸ್ಟೈನ್’. 1816ರಲ್ಲಿ, ಎಡೆಬಿಡದೆ ಮಳೆ ಸುರಿದ ಬೇಸಗೆಯಲ್ಲಿ, ಒಬ್ಬೊಬ್ಬರೂ ಒಂದೊಂದು ಭೂತದ ಕಥೆಯನ್ನು ಬರೆಯೋಣವೆಂದು ಬೈರನ್ ಕವಿಯು ಜಿನೀವಾ ಸರೋವರದ ದಡದಲ್ಲಿ ಮಿತ್ರರಿಗೆ ಸೂಚಿಸಿದಾಗ, ಇದನ್ನು ಬರೆಯತೊಡಗಿದ ಮೇರಿ ಷೆಲ್ಲಿಗೆ 18 ವರ್ಷ. ಹುಟ್ಟಿ ಹನ್ನೊಂದು ದಿನ ತುಂಬುವಷ್ಟರಲ್ಲಿ ತಾಯಿಯನ್ನು ಕಳೆದುಕೊಂಡವಳು. 1815ರಲ್ಲಿ ತನ್ನ ಚೊಚ್ಚಲ ಕೂಸನ್ನು ಕಳೆದುಕೊಂಡವಳು. ಜೀವ ಕೊಡುವ ಕಾರ್ಯದೊಡನೆ ಭಯವೂ ಶೋಕವೂ ಎಷ್ಟು ನಿಕಟವಾಗಿ ಹೆಣೆದುಕೊಂಡಿರುವುವೆಂಬುದನ್ನು ಆಕೆ ಆ ವಯಸ್ಸಿಗೇ ಬಲ್ಲವಳಾಗಿದ್ದಳು.

ಈ ಕಾದಂಬರಿಯನ್ನು ಕುರಿತು ರೂಢಿಯಲ್ಲಿರುವ ತೀರ್ಪು, ಮನುಷ್ಯನು ತನಗೆ ಸಲ್ಲದ ದೈವಶಕ್ತಿಗೆ ಕೈಯಿಕ್ಕಿ ಶಿಕ್ಷೆಯನ್ನನುಭವಿಸಿದನೆಂಬುದು. ‘ಆಧುನಿಕ ಪ್ರೊಮಿಥಿಯಸ್’ ಎಂಬ ಉಪಶೀರ್ಷಿಕೆ ಇದಕ್ಕೆ ಆಸರೆ ಕೊಡುವುದು ನಿಜ. ತನ್ನ ಕೈಯಿಂದ ಜೀವವೊಂದನ್ನು ರಚಿಸಿದ ಕಥಾನಾಯಕನಾದ ವಿಕ್ಟರ್ ಫ್ರ್ಯಾಂಕೆನ್‌ಸ್ಟೈನನೂ ಹಾಗೆಯೇ ಹಲುಬುತ್ತಾನೆ. ಆದರೆ ಅದೇ ಮುಖಪುಟದಲ್ಲಿ, ಬೇಡದೆ ಬಂದ ಜನ್ಮಕ್ಕಾಗಿ ಆದಾಮನು ಸೃಷ್ಟಿಕರ್ತನನ್ನು ಪ್ರಶ್ನಿಸುವ ಮಿಲ್ಟನ್ನನ ಸಾಲುಗಳು ಅಚ್ಚಾಗಿವೆ. ಗ್ರಂಥದ ಬೀಗದಕೈ ಇರುವುದು ಅಲ್ಲಿಯೆಂದು ನನ್ನ ನಂಬಿಕೆ. 1931ರಲ್ಲಿ ಜೇಮ್ಸ್ ವೇಲ್ ನಿರ್ದೇಶಿಸಿದ ಚಲಚ್ಚಿತ್ರದಲ್ಲಿ ಸಹಾಯಕನೊಬ್ಬನು ಪ್ರಮಾದದಿಂದ ಪಾತಕಿಯ ಮಿದುಳನ್ನು ಕದ್ದು ತರುತ್ತಾನೆ. ಆ ಜೀವದ ಪಾತ್ರದಲ್ಲಿ ಬೋರಿಸ್ ಕಾರ್ಲಾಫನ ಅಭಿನಯ ಎಷ್ಟೇ ಕರುಣಾಜನಕವಾಗಿದ್ದರೂ, ಆ ಒಂದು ಮಾರ್ಪಾಟಿನಿಂದ ದೋಷವು ಕರ್ತನ ಹೃದಯದಿಂದ ಜಾರಿ ಅವನು ಬಳಸಿದ ಸಾಮಗ್ರಿಯ ಪಾಲಿಗೆ ಬಂದುಬಿಡುತ್ತದೆ. ಮೂಲಕೃತಿಯ ಧರ್ಮಪ್ರಶ್ನೆಯ ಬೇರು ಅಲ್ಲಿಗೆ ಕಡಿದುಹೋಗುತ್ತದೆ.

ಮೂಲದಲ್ಲಿ ಅಂತಹ ನೆಪಕ್ಕೆ ಎಡೆಯಿಲ್ಲ. ಇಂಗೋಲ್‌ಸ್ಟಾಟ್ ನಗರದ ವಿದ್ಯಾರ್ಥಿಯಾದ ವಿಕ್ಟರನು, ಸೂಕ್ಷ್ಮವಾದ ಅವಯವಗಳ ಜೋಡಣೆ ತನ್ನ ವೇಗಕ್ಕೆ ಅಡ್ಡಿಯಾಗುವುದೆಂದು, ಎಂಟು ಅಡಿ ಎತ್ತರದ ಶರೀರವನ್ನು ರಚಿಸಲು ನಿಶ್ಚಯಿಸುತ್ತಾನೆ. ಮುಂದೆ ಕಂಡವರೆಲ್ಲ ಚೀರಿ ಓಡುವ ಆ ಬೃಹದಾಕಾರ, ಹೀಗೆ, ಕರ್ತನ ಅವಸರದಿಂದ ಆ ಜೀವಕ್ಕೆ ಅಂಟಿದ ಶಾಪ. ದುಡಿಯುವಾಗ ಅವನು ಕಾಣುವ ಕನಸಾದರೂ ಎಂತಹುದು! ಹೊಸದೊಂದು ಜೀವಕುಲ ತನ್ನನ್ನು ಮೂಲಪುರುಷನೆಂದು ಹರಸುವುದು, ಯಾವ ತಂದೆಗೂ ದೊರೆಯದಷ್ಟು ಕೃತಜ್ಞತೆ ತನಗೆ ಸಲ್ಲುವುದು ಎಂದು ಅವನು ಹಿಗ್ಗುತ್ತಾನೆ. ತನಗೆ ಬರಬೇಕಾದುದರ ಲೆಕ್ಕವನ್ನು ಜೀವ ಹುಟ್ಟುವ ಮುನ್ನವೇ ಬರೆದಿಟ್ಟವನು, ತಾನು ಕೊಡಬೇಕಾದುದರ ಪುಟವನ್ನು ತೆರೆಯಲೇ ಇಲ್ಲ. ನವೆಂಬರ್ ತಿಂಗಳ ಮಳೆಯ ರಾತ್ರಿಯಲ್ಲಿ, ಮೇಣದಬತ್ತಿ ಮುಗಿಯುತ್ತ ಬಂದಾಗ, ಜೀವ ಕಣ್ತೆರೆದ ಕ್ಷಣದಲ್ಲಿಯೇ ಅವನು ಕೋಣೆಯಿಂದ ಓಡಿಹೋಗುತ್ತಾನೆ. ಆ ಜೀವವು ಅವನನ್ನರಸಿ ಬಂದು, ಮಂಚದ ಪರದೆಯನ್ನು ಸರಿಸಿ, ಅರ್ಥವಾಗದ ಏನನ್ನೋ ತೊದಲಿ, ನಕ್ಕು, ಕೈಚಾಚುತ್ತದೆ. ತೊಟ್ಟಿಲ ಕೂಸು ಮಾಡುವುದೂ ಇದನ್ನೇ. ತನ್ನನ್ನು ಹಿಡಿಯಬಂದಿತೆಂದು ಬಗೆದ ಕರ್ತನು ಮೆಟ್ಟಲಿಳಿದು ಅಂಗಳಕ್ಕೆ ಧಾವಿಸುತ್ತಾನೆ. ಹೆಸರೊಂದನ್ನು ಕೂಡ ಇಡುವುದಿಲ್ಲ.

ಇಂತಹ ಕಥೆಯನ್ನು ಕೇಳಿದೊಡನೆ ನಮಗೆ ಭಸ್ಮಾಸುರನ ನೆನಪಾಗುವುದು ಸಹಜ. ಆದರೆ ಭಸ್ಮಾಸುರನು ವರ ಪಡೆದು ಕೆಟ್ಟವನೇ ಹೊರತು ಕೈಬಿಟ್ಟುದರಿಂದ ಕೆಟ್ಟವನಲ್ಲ. ಹೋಲಿಕೆ ಹೊಂದುವುದು ಕುಂತಿಯ ಕಥೆಗೆ. ಮಂತ್ರವು ಫಲಿಸುವುದೋ ಇಲ್ಲವೋ ಎಂಬ ಕುತೂಹಲದಿಂದ ಪಡೆದ ಕೂಸನ್ನು ಹೊಳೆಗೆ ಬಿಟ್ಟ ಆಕೆ, ತಡವಾಗಿಯಾದರೂ, ಪಾಂಡವರ ಮೇಲಣ ಮೋಹವನ್ನು ಬೆರೆಸಿಕೊಂಡಾದರೂ, ಕರ್ಣನೆದುರು ನಿಂತು ಮಗನೆಂದು ಕರೆದಳು. ವಿಕ್ಟರನ ಬಾಯಿಂದ ಆ ಶಬ್ದ ಕಡೆಯವರೆಗೂ ಹೊರಡಲಿಲ್ಲ.

ತೊರೆದುದಕ್ಕಿಂತಲೂ ಹೇಯವಾಗಿ ನನಗೆ ತೋರುವುದು ಅವನ ಮೌನ. ಅವನ ಪುಟ್ಟ ತಮ್ಮ ವಿಲಿಯಂ ಕೊಲೆಯಾದಾಗ, ಮಿಂಚಿನ ಬೆಳಕಿನಲ್ಲಿ ತನ್ನ ಸೃಷ್ಟಿಯ ಆಕಾರವನ್ನು ಕಂಡು, ಕೊಂದವನು ಯಾರೆಂಬುದನ್ನು ಅವನು ನಿಶ್ಚಯವಾಗಿ ಅರಿಯುತ್ತಾನೆ; ಆದರೂ, ಮನೆಯ ಸೇವಕಿಯಾದ ಜಸ್ಟೀನ್ ಮೋರಿಟ್ಸಳ ಜೇಬಿನಲ್ಲಿ ಮಗುವಿನ ಪದಕ ಸಿಕ್ಕಿತೆಂದು ಆಕೆಯ ವಿಚಾರಣೆ ನಡೆದು, ಪಾದ್ರಿಯ ಬೆದರಿಕೆಗೆ ಅಂಜಿ ಆಕೆ ಮಾಡದ ಪಾತಕವನ್ನು ಒಪ್ಪಿಕೊಂಡು, ವಧಸ್ತಂಭವನ್ನೇರುವವರೆಗೂ, ಜನ ತನ್ನನ್ನು ಹುಚ್ಚನೆಂದಾರೆಂಬ ಅಂಜಿಕೆಯಿಂದ ಬಾಯಿ ತೆರೆಯುವುದಿಲ್ಲ. ಅಷ್ಟೇ ಅಲ್ಲದೆ, ನಿರ್ದೋಷಿಯೆಂಬ ಸಮಾಧಾನ ಆಕೆಗುಂಟು, ತನಗೆ ಅದೂ ಇಲ್ಲವಾದುದರಿಂದ ಆಕೆಯ ಸಂಕಟಕ್ಕಿಂತ ತನ್ನದೇ ಹಿರಿದೆಂದು ಮರುಗುತ್ತಾನೆ. ಪಶ್ಚಾತ್ತಾಪವು ಹೊಣೆಯನ್ನು ಹೊರುವ ಬದಲು ಹೊಣೆಯ ಸ್ಥಾನವನ್ನೇ ಆಕ್ರಮಿಸಿಕೊಳ್ಳುವ ಬಗೆಯನ್ನು ಇಷ್ಟು ನಿಷ್ಠುರವಾಗಿ ಬಯಲುಮಾಡಿದ ಪುಟಗಳು ಗಾಥಿಕ್ ಕಥೆಗಳಲ್ಲಿ ಬೇರೆಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕೃತಿಯ ಪರಮೋಚ್ಚ ಸನ್ನಿವೇಶ ಮೊಂಬ್ಲಾಂ ಪರ್ವತದ ಹಿಮನದಿಯ ಮೇಲೆ ನಡೆಯುತ್ತದೆ. ತನ್ನ ಕಣ್ಣೆದುರಿನಿಂದ ತೊಲಗೆಂದು ಕರ್ತನು ಗರ್ಜಿಸಿದಾಗ, ಆ ಜೀವವು ತನ್ನ ವಿಕಾರವಾದ ಕೈಗಳನ್ನು ಅವನ ಕಣ್ಣಿನ ಮೇಲಿಟ್ಟು, ನೋಡುವ ಕಷ್ಟ ನಿನಗೆ ಬೇಡ, ಕೇಳಿದರೆ ಸಾಕು ಎಂಬ ಅರ್ಥದಲ್ಲಿ ಬೇಡಿಕೊಳ್ಳುತ್ತದೆ. ಇಡೀ ಕಾದಂಬರಿಯ ವೇದನೆ ಈ ಒಂದು ಚೇಷ್ಟೆಯಲ್ಲಿ ಘನೀಭವಿಸಿದೆ. ಅನಂತರ ಅದು ಹೇಳುವ ವೃತ್ತಾಂತದಲ್ಲಿ ಅದರ ಮಾತನ್ನು ಸೌಹಾರ್ದದಿಂದ ಆಲಿಸುವವನು ಒಬ್ಬನೇ, ಕುರುಡನಾದ ವೃದ್ಧ ಡಿಲೇಸಿ. ಆ ಬಡ ಕುಟುಂಬಕ್ಕೆ ರಾತ್ರಿಯ ಹೊತ್ತು ಗುಟ್ಟಾಗಿ ಸೌದೆ ತಂದು ಒಟ್ಟುತ್ತಿದ್ದ ಕೈಗಳ ಮೇಲೆ, ಕಣ್ಣುಳ್ಳ ಮಗ ಒಳಬಂದ ಕೂಡಲೇ, ದೊಣ್ಣೆಯ ಪೆಟ್ಟು ಬೀಳುತ್ತದೆ. ಹೀಗೆ ಪೆಟ್ಟುಂಡವನು ಗೋಡೆಯ ಬಿರುಕಿನಿಂದ ಕೇಳಿ ಭಾಷೆ ಕಲಿತು, ಕಾಡಿನಲ್ಲಿ ಸಿಕ್ಕ ಚೀಲದಿಂದ ಪ್ಲುಟಾರ್ಕನನ್ನೂ ಗಯಟೆಯನ್ನೂ ಮಿಲ್ಟನ್ನನನ್ನೂ ಓದಿದನೆಂಬುದು ನಂಬಿಕೆಗೆ ಮೀರಿದುದೆಂದು ಆಕ್ಷೇಪಿಸುವವರಿದ್ದಾರೆ, ಆಕ್ಷೇಪ ಸರಿಯಾದುದೇ. ಆದರೂ ಲೇಖಕಿಯು ಅವನಿಗೆ ಮಾತು ಕೊಟ್ಟುದರಿಂದಲೇ ನಾವು ನ್ಯಾಯಾಧೀಶರ ಪೀಠದಿಂದ ಇಳಿದು ಅವನ ಸಾಕ್ಷ್ಯವನ್ನು ಕೇಳಬೇಕಾಗುತ್ತದೆ. ಹಸುಳೆಯನ್ನು ಕೊಂದುದು ಅದರಿಂದ ಮಾಸಿಹೋಗದು. ಅವನೂ ಹಾಗೆ ವಾದಿಸುವುದಿಲ್ಲ.

ಆ ವೃತ್ತಾಂತವನ್ನು ಕೇಳಲು ಒಪ್ಪುವ ಮುನ್ನವೇ, ಮೊದಲ ಬಾರಿಗೆ, ಸೃಷ್ಟಿಕರ್ತನ ಕರ್ತವ್ಯವೆಂಬುದು ವಿಕ್ಟರನ ಮನಸ್ಸಿಗೆ ಹೊಳೆಯುತ್ತದೆ. ಕೇಳಿ ಮುಗಿಸಿದ ಮೇಲೆ, ಆ ಜೀವವು ಬೇಡಿದ ಸಂಗಾತಿಯೊಬ್ಬಳನ್ನು ನಿರ್ಮಿಸಿಕೊಡುವೆನೆಂದು ಒಪ್ಪಿ, ಆರ್ಕ್ನಿ ದ್ವೀಪದಲ್ಲಿ ಕೆಲಸಕ್ಕೆ ತೊಡಗಿ, ಆ ಸಂತತಿಯಿಂದ ಮನುಕುಲಕ್ಕೆ ಒದಗಬಹುದಾದ ಕೇಡನ್ನು ನೆನೆದು ಅರೆಗೆಲಸವನ್ನೇ ಛಿದ್ರಮಾಡುತ್ತಾನೆ. ಈ ನಿರಾಕರಣೆಯನ್ನು ನಾನು ಖಂಡಿಸಲಾರೆ. ಮುಂದಣ ಪೀಳಿಗೆಗಳ ಹಿತವನ್ನು ಅವನು ಚಿಂತಿಸಿದುದು ಅಲ್ಲಿಯೇ ಮೊದಲು. ಆದರೆ ಒಂದು ಋಣವನ್ನು ತೀರಿಸಲಾರದವನು ಸಾಲಿಗನ ಮುಖ ನೋಡಿ ಹಾಗೆಂದು ಹೇಳುವ ಧೈರ್ಯವನ್ನಾದರೂ ತೋರಬೇಕಾಗಿತ್ತು. ಕಿಟಕಿಯಾಚೆ ನಿಂತು ಆಸೆಯಿಂದ ನೋಡುತ್ತಿದ್ದವನ ಕಣ್ಣೆದುರಿನಲ್ಲಿ ಅದನ್ನು ಹರಿದೊಗೆಯುವುದು ಧೈರ್ಯವಲ್ಲ. 1831ರ ಪರಿಷ್ಕೃತ ಆವೃತ್ತಿಯಲ್ಲಿ ಲೇಖಕಿಯು ವಿಧಿಯ ಪ್ರಸ್ತಾಪವನ್ನು ಹೆಚ್ಚಿಸಿದುದರಿಂದ ಇಂತಹ ಎಡೆಗಳ ಬಿಗಿ ಸಡಿಲವಾಯಿತೆಂಬುದು ನನ್ನ ಅಭಿಪ್ರಾಯ. 1818ರ ಪಾಠದಲ್ಲಿ ಮನುಷ್ಯನೇ ಆಯ್ದುಕೊಳ್ಳುತ್ತಾನೆ, ಆದುದರಿಂದ ಮನುಷ್ಯನೇ ಉತ್ತರವಾದಿ.

ತನ್ನ ಸೃಷ್ಟಿಯನ್ನು ಬೆನ್ನಟ್ಟಿ ಹೋಗಿ, ಉತ್ತರಧ್ರುವದ ಹಿಮಸಾಗರದಲ್ಲಿ, ವಾಲ್ಟನ್ನನೆಂಬ ಅನ್ವೇಷಕನ ಹಡಗಿನಲ್ಲಿ, ಸಾಯುವ ಗಳಿಗೆಯಲ್ಲಿಯೂ ವಿಕ್ಟರನು ತನ್ನ ನಡೆವಳಿಯಲ್ಲಿ ನಿಂದ್ಯವಾದುದೇನೂ ಕಾಣಲಿಲ್ಲವೆಂದೇ ಹೇಳುತ್ತಾನೆ. ಅವನ ಶವದ ಮೇಲೆ ಬಾಗಿ ರೋದಿಸುತ್ತಿರುವ ಆ ಭೀಕರಾಕೃತಿಯನ್ನು ಕಂಡಾಗ ವಾಲ್ಟನ್ನನೂ ತನಗರಿವಿಲ್ಲದೆಯೇ ಕಣ್ಣು ಮುಚ್ಚಿಕೊಳ್ಳುತ್ತಾನೆ. ಆದರೆ, ಕಣ್ಣು ಮುಚ್ಚಿದ್ದಂತೆಯೇ, ಈ ಜೀವದ ಬಗ್ಗೆ ತನ್ನ ಕರ್ತವ್ಯವೇನೆಂದು ನೆನೆದುಕೊಳ್ಳಲು ಯತ್ನಿಸಿ, ಹೊರಟುಹೋಗಲಿದ್ದವನನ್ನು ನಿಲ್ಲೆಂದು ಕರೆಯುತ್ತಾನೆ. ಜರೆಯುತ್ತಾನೆ, ಕೋಪಗೊಳ್ಳುತ್ತಾನೆ, ಕೈಯೆತ್ತುವುದಿಲ್ಲ, ಓಡಿಹೋಗುವುದಿಲ್ಲ. ಆ ಹೆಸರಿಲ್ಲದವನು ತನ್ನ ಮಾತನ್ನೆಲ್ಲ ಹೇಳಿ ಮುಗಿಸಿದ ಮೇಲೆಯೇ ಹಡಗಿನ ಕಿಟಕಿಯಿಂದ ಹಿಮದ ತೆಪ್ಪಕ್ಕೆ ಹಾರಿ, ಅಲೆಗಳ ಮೇಲೆ ದೂರದ ಕತ್ತಲೆಯಲ್ಲಿ ಮರೆಯಾಗುತ್ತಾನೆ.