ರೇಚಲ್ ಓಡದ ದಿನ

ಪಾತ್ರವೊಂದು ಬೆಳೆದಿದೆ ಎಂದು ತೋರಿಸಲು ಸಿಟ್‌ಕಾಮ್ ಬರೆಯುವವರು ನೆಚ್ಚಿಕೊಂಡ ಉಪಾಯವೊಂದಿದೆ: ಹಳೆಯ ದೃಶ್ಯವನ್ನೇ ವರ್ಷಗಳ ಮೇಲೆ ಮತ್ತೆ ಕಟ್ಟುವುದು. ‘ಫ್ರೆಂಡ್ಸ್’ ಮಾತು ಬಂದರೆ ತಟ್ಟನೆ ನೆನಪಾಗುವುದು ವಿಮಾನ ನಿಲ್ದಾಣ. 1995ರಲ್ಲಿ, ಮೊದಲ ಸೀಸನ್ನಿನ ಕೊನೆಗೆ, ನಾಯಕಿ ರೇಚಲ್ ಹೂ ಹಿಡಿದು ತಾನು ಮೆಚ್ಚಿದ ರಾಸ್‌ಗಾಗಿ ಕಾಯುತ್ತಾಳೆ. ಅವನು ಇನ್ನೊಬ್ಬಳ ಜತೆ ಬಂದಿಳಿಯುತ್ತಾನೆ. 2004ರ ಕಡೆಯ ಕಂತಿನಲ್ಲಿ ಕೆಲಸಕ್ಕೆಂದು ಪ್ಯಾರಿಸ್ಸಿಗೆ ಹೊರಟವಳ ಹಿಂದೆ ಓಡುವ ಸರದಿ ಅವನದು. ಜೋಡಣೆ ಸೊಗಸಾಗಿದೆ, ನಿಜ. ಆದರೆ ರೇಚಲ್ ಎಷ್ಟು ಬೆಳೆದಳು ಎಂಬುದಕ್ಕೆ ಸಾಕ್ಷಿ ಅಲ್ಲಿಲ್ಲ. ಅದಿರುವುದು ಎರಡನೇ ಸೀಸನ್ ಮುಗಿಸುವ ಬ್ಯಾರಿ-ಮಿಂಡಿ ಮದುವೆಯ ಕಂತಿನಲ್ಲಿ.

1994ರ ಮೊದಲ ಕಂತಿನಲ್ಲಿ ಅವಳು ಒದ್ದೆ ಮದುವೆ ಗೌನಿನಲ್ಲೇ ಸೆಂಟ್ರಲ್ ಪರ್ಕ್ ಕಾಫಿ ಅಂಗಡಿಗೆ ನುಗ್ಗಿದ್ದಳು. ಮದುವೆಯ ದಿನವೇ ವರ ಬ್ಯಾರಿಯನ್ನು ಬಿಟ್ಟುಬಂದದ್ದು ಧೈರ್ಯವೇ. ಆದರೂ ಅದು ಓಟ. ಜೀವನದಲ್ಲಿ ಮೊದಲ ಸಲ ಕಾಫಿ ಮಾಡಿ ಹಿಗ್ಗಿದಳು. ಗೆಳೆಯರಾದ ಚಾಂಡ್ಲರ್ ಮತ್ತು ಜೋಯಿ ಗುಟುಕರಿಸಿ ಮುಖ ಕಿವುಚಿ ಗಿಡದ ಕುಂಡಕ್ಕೆ ಸುರಿದರು. 1996ರಲ್ಲಿ ಅದೇ ಬ್ಯಾರಿಯ ಮದುವೆ, ವಧು ರೇಚಲ್‌ನದೇ ಗೆಳತಿ ಮಿಂಡಿ. ವಧುವಿನ ಸಖಿಯಾದ ರೇಚಲ್‌ಗೆ ನಗೆಗೀಡಾಗುವಂಥ ಗುಲಾಬಿ ಉಡುಪು, ಸಾಲದ್ದಕ್ಕೆ ಅದರ ಹಿಂಭಾಗ ಒಳಉಡುಪಿಗೆ ಸಿಕ್ಕಿಕೊಂಡಿದೆ. ತಲೆಕೆಟ್ಟು ಓಡಿಹೋದವಳು ಎಂದು ಬ್ಯಾರಿಯ ಕಡೆಯವರು ಮೊದಲೇ ಸುದ್ದಿ ಹಬ್ಬಿಸಿದ್ದಾರೆ. ಶಾಲೆಯಲ್ಲಿ ‘ಕೋಪಕಬಾನಾ’ ಹಾಡುವಾಗ ಎರಡು ಸಾಲಿಗೇ ವೇದಿಕೆಯಿಂದ ಓಡಿದ ಕಥೆಯೂ ಎಲ್ಲರೆದುರು ಹೊರಬರುತ್ತದೆ. ಕಾಲಿಗೆ ಬುದ್ಧಿ ಹೇಳಲು ಹಿಂದಿಗಿಂತ ಹೆಚ್ಚು ಕಾರಣಗಳಿವೆ. ಅವಳು ಮೈಕ್ ಹಿಡಿದು ಅದೇ ಹಾಡು ಹಾಡುತ್ತಾಳೆ, ಕೆಟ್ಟದಾಗಿಯೇ. ಅದೇ ಪ್ರಚೋದನೆ, ಬೇರೆ ಪ್ರತಿಕ್ರಿಯೆ: ಬೆಳವಣಿಗೆಯನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಯಾವ ವಾರ ಟಿವಿ ಹಾಕಿದರೂ ಅರ್ಥವಾಗಬೇಕಾದ ಪ್ರಕಾರವಿದು, ಪಾತ್ರಗಳು ಬದಲಾಗದಿರುವುದೇ ಇಲ್ಲಿನ ಬಂಡವಾಳ ಎಂದು ಆಕ್ಷೇಪಿಸಬಹುದು. ‘ಸೈನ್‌ಫೆಲ್ಡ್’ ಅದಕ್ಕೆ ಸಾಕ್ಷಿಯಂತಿದೆ. 1989ರ ಮೊದಲ ಕಂತಿನಲ್ಲಿ ಜಾರ್ಜ್‌ನ ಅಂಗಿಯ ಗುಂಡಿಯ ಬಗ್ಗೆ ನಡೆದ ಮಾತೇ 1998ರ ಕೊನೆಯ ಕಂತಿನಲ್ಲಿ ಜೈಲಿನೊಳಗೆ ಮರುಕಳಿಸುತ್ತದೆ. ಸರಳುಗಳ ಹಿಂದೆ ಕೂತರೂ ಈ ಗೆಳೆಯರಿಗೆ ಚಿಂತೆ ಗುಂಡಿಯದೇ. ಆದರೆ ಇದು ನನ್ನ ವಾದವನ್ನು ಮುರಿಯುವುದಿಲ್ಲ. ಮರಳಿ ಬಂದ ದೃಶ್ಯ ಬೆಳವಣಿಗೆಯನ್ನು ತಾನಾಗಿ ಹುಟ್ಟಿಸುವುದಿಲ್ಲ, ಅಳೆಯುತ್ತದೆ. ‘ಸೈನ್‌ಫೆಲ್ಡ್’ನಲ್ಲಿ ಅಳತೆಗೆ ಸೊನ್ನೆ ಬಂತು, ಅದನ್ನು ಅದು ಮುಚ್ಚಿಡಲಿಲ್ಲ. ಅದೇ ಸೋಫಾ, ಅದೇ ಕಾಫಿ ಬಟ್ಟಲು ಎಂಬ ಸಿಟ್‌ಕಾಮ್‌ನ ಮಿತಿಯೇ ಇಲ್ಲಿ ಅನುಕೂಲ. ಸುತ್ತಲಿನದು ಕದಲದಿದ್ದಾಗ ಮನುಷ್ಯ ಒಂದಿಷ್ಟು ಕದಲಿದರೂ ಕಾಣುತ್ತದೆ.

ಈ ಅಳತೆಯಲ್ಲಿ ‘ಫ್ರೆಂಡ್ಸ್’ನ ಕಡೆಯ ಕಂತು ಸೋಲುತ್ತದೆ. ರೇಚಲ್ ವಿಮಾನದಿಂದ ಇಳಿಯುವ ನಿರ್ಧಾರ ನಮ್ಮ ಕಣ್ಣೆದುರು ನಡೆಯುವುದೇ ಇಲ್ಲ. ಗಗನಸಖಿಯೊಂದಿಗೆ ಅವಳ ವಾದ ಕೇಳಿಬರುವುದು ರಾಸ್‌ನ ಮನೆಯ ಆನ್ಸರಿಂಗ್ ಮೆಷಿನ್ನಿನಲ್ಲಿ. ನಾವು ನೋಡುವುದು ಅದನ್ನು ಕೇಳುತ್ತಿರುವ ಅವನನ್ನು. ಪ್ರೀತಿಗಾಗಿ ಕೆಲಸ ಬಿಡುವುದೂ ಬೆಳವಣಿಗೆಯಾಗಬಾರದೇಕೆ ಎಂದರೆ, ಆಗಬಹುದು. ಹಾಗಿದ್ದಲ್ಲಿ ಎರಡನ್ನೂ ಅವಳು ತೂಗುವುದನ್ನು ತೋರಿಸಬೇಕಿತ್ತು. ಕಾಫಿ ಮಾಡಲು ಬಾರದಿದ್ದವಳು ಬ್ಲೂಮಿಂಗ್‌ಡೇಲ್ಸ್, ರಾಲ್ಫ್ ಲಾರೆನ್‌ಗಳ ಕೆಲಸ ದಾಟಿ ಪ್ಯಾರಿಸ್ಸಿನ ಲೂಯಿ ವಿಟ್ಟಾನ್‌ವರೆಗೆ ಬಂದ ದಾರಿಗೆ ಕೊನೆಯಲ್ಲಿ ಪ್ರತಿದೃಶ್ಯವೇ ಇಲ್ಲ. ಮೊದಲ ಕಂತಿನಲ್ಲಿ, ರೇಚಲ್ ಬಾಗಿಲು ತಳ್ಳಿ ಬರುವ ಗಳಿಗೆಯಲ್ಲಿ, ತನಗೆ ಮತ್ತೆ ಮದುವೆಯಾಗಬೇಕು ಅಷ್ಟೆ ಎಂದು ರಾಸ್ ಹಲುಬುತ್ತಿರುತ್ತಾನೆ. ಹತ್ತು ಸೀಸನ್ನುಗಳ ನಂತರ ಪೂರ್ತಿಯಾಗುವ ವೃತ್ತ ಅವನದು.